ಎಲ್ ಬೋರ್ಡ್ ಕಾರಿನಲ್ಲಿ ಉಸಿರಾಟದ ಪಾಠ

ಹದಿನಾಲ್ಕು ವರ್ಷದಿಂದ ನಾನು ಕಾರಿನ ಎಡಗಡೆ ಸೀಟಿನಲ್ಲಿ ಕೂತು ಬೇರೆಯವರ ಭಯ ನೋಡುತ್ತಾ ಬಂದಿದ್ದೇನೆ. ಊರು ಹೊಸನಗರ. ನನ್ನ ಹತ್ತಿರ ಡ್ರೈವಿಂಗ್ ಕಲಿಯಲು ಸಾಗರದಿಂದ ಹಿಡಿದು ತೀರ್ಥಹಳ್ಳಿಯವರೆಗಿನ ಜನ ಬರುತ್ತಾರೆ, ಹೆಚ್ಚಿನವರು ಹೆಂಗಸರು. ಈ ಕೆಲಸದಲ್ಲಿ ಒಂದು ವಾರ ಏನೂ ಆಗದೆ ಕಳೆದರೆ ಮುಂದಿನ ವಾರ ಎರಡು ಅವಾಂತರ ಆಗುತ್ತದೆ ಎಂದು ತಿಳಿದುಕೊಂಡೇ ನಾನು ದಿನಾ ಬೆಳಿಗ್ಗೆ ಕಾರಿನ ಗಾಜು ಒರೆಸುವುದು.

ಗೇರು ಹಾಕುವುದು, ಕ್ಲಚ್ಚು ಬಿಡುವುದು ಹತ್ತು ದಿನದ ವಿದ್ಯೆ. ಕಷ್ಟ ಇರುವುದು ಬೇರೆ ಕಡೆ. ಎದುರಿಂದ ಲಾರಿ ಬಂದರೆ ಕೈ ಮರಗಟ್ಟುತ್ತದೆ, ಬಾಯಿ ಒಣಗುತ್ತದೆ, ಕಾಲು ತನ್ನಷ್ಟಕ್ಕೆ ನಡುಗುತ್ತದೆ, ಬುದ್ಧಿ ಎಲ್ಲಿಗೋ ಹೋಗಿಬಿಡುತ್ತದೆ. ಅಂಥ ಹೊತ್ತಿನಲ್ಲಿ ಹೆದರಬೇಡಿ ಎಂದು ಹೇಳಿ ಪ್ರಯೋಜನವಿಲ್ಲ. ಹಾಗೆ ಹೇಳಿದ್ದಕ್ಕೆ ಧೈರ್ಯ ತಂದುಕೊಂಡವರನ್ನು ನಾನು ಈವರೆಗೆ ನೋಡಿಲ್ಲ. ಮೊದಲು ಮೈಯನ್ನು ಸಮಾಧಾನ ಮಾಡಬೇಕು, ಮನಸ್ಸು ಆಮೇಲೆ ತಾನಾಗಿ ಹಿಂದೆ ಬರುತ್ತದೆ. ಇದನ್ನು ನನಗೆ ಕಲಿಸಿದವರು ನನ್ನ ಹತ್ತಿರ ಕಲಿಯಲು ಬಂದವರೇ.

೧. ಪಾದ

ಮೊದಲನೆಯವರು ನಮ್ಮೂರ ಆಸ್ಪತ್ರೆಯಲ್ಲಿ ಕೌನ್ಸೆಲರ್. ಮೂವತ್ತರ ಆಸುಪಾಸಿನ ಹುಡುಗಿ, ಮಾತು ಮೃದು. ಗಾಬರಿ ಬಿದ್ದು ಎದೆ ಹಿಡಿದುಕೊಂಡು ಬಂದವರನ್ನು, ಸಿಟ್ಟು ಬಂದರೆ ಪಾತ್ರೆ ಎಸೆಯುವವರನ್ನು, ಅಳು ನಿಲ್ಲದವರನ್ನು ಕೂರಿಸಿಕೊಂಡು ಶಾಂತ ಮಾಡುವುದು ಅವರ ಕೆಲಸ. ಮೊದಲ ದಿನ ಅವರನ್ನು ನೋಡಿದಾಗ, ಇವರಿಗೆ ಕಲಿಸುವುದು ಸಲೀಸು, ಹೆದರಿಕೆ ಓಡಿಸುವುದು ಇವರಿಗೆ ಗೊತ್ತೇ ಇದೆ ಎಂದುಕೊಂಡೆ.

ಮೂರು ದಿನ ಮೈದಾನದಲ್ಲಿ ಚೆನ್ನಾಗಿಯೇ ಓಡಿಸಿದರು. ನಾಲ್ಕನೇ ದಿನ ಮುಖ್ಯ ರಸ್ತೆಗೆ ಕರೆದುಕೊಂಡು ಹೋದೆ. ಒಂದು ತಿರುವಿನಲ್ಲಿ ಮರದ ದಿಮ್ಮಿ ತುಂಬಿದ ಲಾರಿ ಎದುರಾಯಿತು. ಮೇಡಂ ಮುಖ ಬಿಳಿಚಿತು. ಎಡಗಾಲನ್ನು ಕ್ಲಚ್ಚಿನಿಂದ ತೆಗೆದು ಕೆಳಗಿಟ್ಟರು. ಆಮೇಲೆ ತಮಗೆ ತಾವೇ ಹೇಳಿಕೊಳ್ಳಲು ಶುರು ಮಾಡಿದರು. ದನಿ ಮೆತ್ತಗೆ, ಆಸ್ಪತ್ರೆಯಲ್ಲಿ ಹೇಳುವ ಹಾಗೆಯೇ. "ನಾನು ಇಲ್ಲಿದ್ದೀನಿ. ನಂಗೇನೂ ಆಗ್ತಿಲ್ಲ. ಎರಡೂ ಪಾದ ಗಟ್ಟಿಯಾಗಿ ಕೆಳಗೆ ಒತ್ತಿ."

ಒತ್ತಿದರು. ಎಡಪಾದದ ಕೆಳಗೆ ನೆಲ ಇತ್ತು. ಬಲಪಾದದ ಕೆಳಗೆ ಎಕ್ಸಲರೇಟರ್ ಇತ್ತು.

ನನ್ನ ಕಡೆಗೂ ಒಂದು ಬ್ರೇಕ್ ಇರುತ್ತದೆ, ಕಲಿಸುವ ಕಾರುಗಳಲ್ಲಿ ಹಾಗೆ ಮಾಡಿಸಿರುತ್ತಾರೆ. ಅದನ್ನು ತುಳಿದು, ಸ್ಟೀರಿಂಗನ್ನು ಎಡಕ್ಕೆ ಎಳೆದೆ. ಕಾರು ರಸ್ತೆ ಬಿಟ್ಟು, ಪಂಚಾಯಿತಿಯವರು ರಿಪೇರಿಗೆಂದು ಸುರಿದಿದ್ದ ಜಲ್ಲಿ ರಾಶಿಗೆ ಮೂತಿ ಹುಗಿದು ನಿಂತಿತು. ಲಾರಿಯವನು ನಮ್ಮ ಕಡೆ ನೋಡದೆ ಹೋದ. ಕಾರು ನಿಂತ ಮೇಲೂ ನಾನು ಬ್ರೇಕ್ ತುಳಿದೇ ಕೂತಿದ್ದೆ. ಮೇಡಂ ಮಾತ್ರ ಅಷ್ಟರಲ್ಲಿ ಪೂರ್ತಿ ಶಾಂತರಾಗಿದ್ದರು. ವಿದ್ಯೆ ಕೆಲಸ ಮಾಡಿತ್ತು.

ಆವತ್ತು ಜಲ್ಲಿ ರಾಶಿಯ ಪಕ್ಕ ಕೂತೇ ಅವರು ನನಗೆ ಎಲ್ಲ ವಿವರಿಸಿದರು. ಭಯ ಬಂದಾಗ ಮೈ ಓಡಲು ತಯಾರಾಗುತ್ತದಂತೆ, ಅದಕ್ಕೇ ನಡುಕ. ಪಾದ ಒತ್ತುವುದು, ಉಸಿರನ್ನು ಉದ್ದಕ್ಕೆ ಬಿಡುವುದು, ಮುಖಕ್ಕೆ ತಣ್ಣೀರು ಹಾಕುವುದು, ಭುಜ ಬಿಗಿಹಿಡಿದು ಸಡಿಲ ಬಿಡುವುದು, ಕಣ್ಣಿಗೆ ಕಂಡದ್ದನ್ನು ಎಣಿಸುವುದು, ಇವೆಲ್ಲ ಅದಕ್ಕೆ ನೀನು ಇಲ್ಲೇ ಇದ್ದೀಯ ಎಂದು ತಿಳಿಸುವ ದಾರಿಗಳಂತೆ. ನಾನು ಒಂದೊಂದನ್ನೂ ಕೇಳಿ ನೆನಪಿಟ್ಟುಕೊಂಡೆ.

ತಿಂಗಳಾದ ಮೇಲೆ ಆಸ್ಪತ್ರೆಗೆ ಹೋದಾಗ ಅವರ ಕೋಣೆಯ ಗೋಡೆ ನೋಡಿದೆ. ಮೊದಲಿದ್ದ ಚೀಟಿ ತೆಗೆದು ಹೊಸದು ಅಂಟಿಸಿದ್ದರು. ಎರಡೂ ಪಾದ ಗಟ್ಟಿಯಾಗಿ ನೆಲಕ್ಕೆ ಒತ್ತಿ ಎಂದು ದೊಡ್ಡದಾಗಿ ಬರೆದು, ಕೆಳಗೆ ಸಣ್ಣಕ್ಷರದಲ್ಲಿ ಸೇರಿಸಿದ್ದರು: ವಾಹನ ನಿಂತಿರುವಾಗ ಮಾತ್ರ.

೨. ಉಸಿರು

ತೀರ್ಥಹಳ್ಳಿಯಲ್ಲಿ ಒಬ್ಬ ನಿವೃತ್ತ ಮೇಷ್ಟ್ರು ಇದ್ದಾರೆ. ಶಾಲೆಯಲ್ಲಿ ಡ್ರಿಲ್ ಮಾಡಿಸುತ್ತಿದ್ದವರು, ಈಗ ದಿನಾ ಬೆಳಿಗ್ಗೆ ಒಂದು ಸಭಾಭವನದಲ್ಲಿ ಯೋಗ ಹೇಳಿಕೊಡುತ್ತಾರೆ. ಊರಿನ ಅರ್ಧ ಜನ ಅವರ ಹತ್ತಿರ ಉಸಿರು ಎಳೆಯಲು ಕಲಿತಿದ್ದಾರೆ. ಮಂಡಿ ಹಿಡಿದುಕೊಂಡು ಸ್ಕೂಟರ್ ಏರಲು ಆಗದೆ ಅರವತ್ತಾರನೇ ವಯಸ್ಸಿನಲ್ಲಿ ಕಾರು ಕಲಿಯಲು ಬಂದರು.

ಗಾಬರಿ ಆದರೆ ಉಸಿರು ಉದ್ದ ಬಿಡಬೇಕು ಎಂದು ಮೊದಲ ದಿನ ಹೇಳಹೊರಟೆ. ಅವರು ನಕ್ಕರು. ಉಸಿರಿನ ವಿಷಯ ನೀವು ನನಗೆ ಹೇಳುವುದು ಬೇಡಮ್ಮ, ಕಾರಿನ ವಿಷಯ ಹೇಳಿ ಸಾಕು ಎಂದರು. ಸರಿ, ನಾನು ಆ ಪಾಠ ಬಿಟ್ಟೆ.

ಹೊಳೆ ಕಡೆಯಿಂದ ಪೇಟೆಗೆ ಬರುವಾಗ ಒಂದು ಏರು ಇದೆ. ಅಲ್ಲಿ ಮುಂದೊಂದು ಬಸ್ಸು ನಿಂತು, ನಮ್ಮ ಕಾರೂ ಅರ್ಧ ಏರಿನಲ್ಲಿ ನಿಲ್ಲಬೇಕಾಯಿತು. ಹಿಂದೆ ಮೊಟ್ಟೆ ಟ್ರೇ ತುಂಬಿದ ಒಂದು ಗೂಡ್ಸ್ ಆಟೋ ಬಂದು, ನಮಗೆ ತಾಗಿಕೊಂಡ ಹಾಗೆ ನಿಂತಿತು. ಮಧ್ಯೆ ಒಂದು ಮಾರು ಜಾಗ ಇದ್ದರೆ ಹೆಚ್ಚು. ಏರಿನಲ್ಲಿ ನಿಂತ ಕಾರನ್ನು ಹಿಂದೆ ಜಾರದ ಹಾಗೆ ಎತ್ತಿಕೊಂಡು ಹೋಗುವುದು ಎಂಥ ಕಷ್ಟ ಎಂದು ಕಲಿತವರಿಗೆಲ್ಲ ಗೊತ್ತು. ಬಲಗಾಲು ಬ್ರೇಕಿನ ಮೇಲೆ, ಎಡಗಾಲು ಕ್ಲಚ್ಚಿನ ಮೇಲೆ, ಎರಡರ ಲೆಕ್ಕವೂ ಒಟ್ಟಿಗೆ ಕೂಡಬೇಕು.

ಮೇಷ್ಟ್ರು ಕನ್ನಡಿಯಲ್ಲಿ ಮೊಟ್ಟೆ ನೋಡಿದರು. ಮೂಗಿನಿಂದ ದೀರ್ಘವಾಗಿ ಉಸಿರು ಎಳೆದುಕೊಂಡರು. ಎಳೆದುಕೊಂಡದ್ದು ಒಳಗೇ ನಿಂತಿತು. ಮುಂದಿನ ಬಸ್ಸು ಹೊರಟಿತು. ಮೇಷ್ಟ್ರ ಮುಖ ಕೆಂಪಾಯಿತು, ಕತ್ತಿನ ನರ ಉಬ್ಬಿತು, ಉಸಿರು ಮಾತ್ರ ಹೊರಗೆ ಬರಲಿಲ್ಲ. ಆಟೋದವನು ಹಾರ್ನ್ ಹಾಕಿದ. ಮುಖದ ಬಣ್ಣ ಕೆಂಪಿನಿಂದ ನೀಲಿಗೆ ತಿರುಗುವ ಹಾಗೆ ಕಂಡಾಗ ನನಗೆ ದಿಗಿಲಾಯಿತು. "ಬಿಡಿ ಮೇಷ್ಟ್ರೇ, ನಿಧಾನಕ್ಕೆ ಬಿಡಿ" ಎಂದೆ.

ಅವರು ವಿಧೇಯರಾಗಿ ಬ್ರೇಕನ್ನು ನಿಧಾನಕ್ಕೆ ಬಿಟ್ಟರು.

ಕಾರು ಹಿಂದಕ್ಕೆ ಹೊರಟಿತು. ನನ್ನ ಕಾಲು ನನ್ನ ಬ್ರೇಕಿಗೆ ಹೋಗುವಷ್ಟರಲ್ಲಿ ಆ ಒಂದು ಮಾರಿನಲ್ಲಿ ಮುಕ್ಕಾಲು ಪಾಲು ಮುಗಿದಿತ್ತು. ಹಿಂದೆ ಆಟೋದವನು ಇಳಿದು, ಎರಡೂ ಕೈ ಚಾಚಿ ನಮ್ಮ ಕಾರಿಗೂ ತನ್ನ ಮೊಟ್ಟೆಗೂ ನಡುವೆ ನಿಂತಿದ್ದ. ನಾನು ಹ್ಯಾಂಡ್‌ಬ್ರೇಕ್ ಎಳೆದೆ. ಆಗ ಮೇಷ್ಟ್ರು ಅಷ್ಟು ಹೊತ್ತು ಹಿಡಿದಿದ್ದ ಉಸಿರನ್ನು ಒಮ್ಮೆಲೇ ಹೊರಗೆ ಬಿಟ್ಟು, ಬಹಳ ಬೇಸರದಿಂದ ನನ್ನ ಕಡೆ ತಿರುಗಿದರು.

"ನೋಡಿಮ್ಮ, ಏನನ್ನ ಬಿಡಬೇಕು ಅನ್ನೋದನ್ನ ಸ್ಪಷ್ಟವಾಗಿ ಹೇಳ್ಬೇಕು. ನಲವತ್ತು ವರ್ಷ ಪಾಠ ಮಾಡಿದವನು ನಾನು."

೩. ಐದು ಕಾಣುವ ವಸ್ತು

ಇದು ಸಿಗಂದೂರಿನ ಸೇತುವೆ ಆಗುವುದಕ್ಕೆ ಮುಂಚಿನ ಮಾತು. ಆಗ ಹೊಳೆಬಾಗಿಲಿನಲ್ಲಿ ಕಾರು, ಬಸ್ಸು, ಜನ ಎಲ್ಲರೂ ಲಾಂಚ್ ಹತ್ತಿ ಹಿನ್ನೀರು ದಾಟಬೇಕಿತ್ತು. ಸಾಗರದ ಒಬ್ಬ ಟೀಚರಿಗೆ ಆಚೆ ದಡದ ಶಾಲೆಗೆ ವರ್ಗವಾಯಿತು. ನನ್ನ ಹತ್ತಿರ ಕಾರು ಕಲಿತು ಎರಡು ತಿಂಗಳಾಗಿತ್ತು. ರಸ್ತೆ ಮೇಲೆ ಭಯವಿರಲಿಲ್ಲ. ಆದರೆ ಲಾಂಚಿಗೆ ಕಾರು ಹತ್ತಿಸುವುದನ್ನು ನೆನೆಸಿಕೊಂಡರೆ ರಾತ್ರಿ ನಿದ್ದೆ ಬರುವುದಿಲ್ಲ ಎಂದು ಫೋನ್ ಮಾಡಿದರು. ಡ್ಯೂಟಿಗೆ ಸೇರುವ ದಿನ ಜೊತೆಗೆ ಬನ್ನಿ ಎಂದು ಕೇಳಿಕೊಂಡರು, ಹೋದೆ.

ಸಾಲಿನಲ್ಲಿ ನಮ್ಮ ಮುಂದಿನ ಜೀಪು ಹತ್ತಿತು. ಲಾಂಚಿನ ಸಿಬ್ಬಂದಿಯೊಬ್ಬರು ನಮಗೆ ಬನ್ನಿ ಎಂದು ಕೈ ಮಾಡಿದರು. ಟೀಚರ್ ಕೈ ಸ್ಟೀರಿಂಗಿನಿಂದ ಜಾರಿ ತೊಡೆಯ ಮೇಲೆ ಬಿತ್ತು. ಕಾರು ಸೀದಾ ನೀರಿಗೆ ಹೋಗುತ್ತದೆ, ಮನೆಯಲ್ಲಿ ಮಗು ಇದೆ ಎಂದರು. ಕಣ್ಣು ತುಂಬಿ, ಉಸಿರು ಮೇಲಕ್ಕೆ ಮೇಲಕ್ಕೆ ಹೋಗುತ್ತಿತ್ತು. ನಾನೇ ಓಡಿಸಬಹುದಿತ್ತು. ಆದರೆ ನಾಳೆ ಯಾರು ಓಡಿಸುವುದು, ನಾಳಿದ್ದು ಯಾರು?

ಹ್ಯಾಂಡ್‌ಬ್ರೇಕ್ ಹಾಕಿ, ಕೌನ್ಸೆಲರ್ ಹೇಳಿಕೊಟ್ಟದ್ದನ್ನು ಶುರು ಮಾಡಿದೆ. ಕಣ್ಣಿಗೆ ಕಾಣುವ ಐದು ವಸ್ತು ಹೇಳಿ ಎಂದೆ. ಟೀಚರ್ ನೀರು ಎಂದರು. ಇನ್ನೊಂದು ಎಂದೆ. ಆ ಕಡೆ ನೀರು ಎಂದರು. ಅಂತೂ ಜೀಪು, ಕೊಡೆ, ಒಬ್ಬರ ಕೆಂಪು ಸ್ವೆಟರ್ ಸೇರಿಸಿ ಐದಾಯಿತು. ಆಮೇಲೆ ಮುಟ್ಟುವ ನಾಲ್ಕು. ಸೀಟು, ಸೆರಗು, ಗೇರಿನ ಹಿಡಿ, ಬಳೆ. ಉಸಿರು ಸ್ವಲ್ಪ ಇಳಿಯಿತು. ಕೇಳಿಸುವ ಮೂರು ಶಬ್ದ ಎಂದಾಗ ಹಾರ್ನು, ಹಾರ್ನು, ಬೈಗುಳ ಎಂದರು. ಆ ಮೂರೂ ನಮ್ಮನ್ನೇ ಉದ್ದೇಶಿಸಿದ್ದು ಎಂದು ನಾನು ಹೇಳಲಿಲ್ಲ. ವಾಸನೆ ಎರಡು, ರುಚಿ ಒಂದು, ಅಲ್ಲಿಗೆ ಮುಗಿಯಿತು. ಟೀಚರ್ ಕಣ್ಣೊರೆಸಿಕೊಂಡು, ನೆಟ್ಟಗೆ ಕೂತು, ಮೊದಲನೇ ಗೇರು ಹಾಕಿ, ಈಗ ನಾನು ರೆಡಿ ಎಂದು ತಲೆ ಎತ್ತಿದರು.

ಮುಂದೆ ಬರೀ ನೀರಿತ್ತು. ಹಿಂದಿದ್ದ ಮೂರು ಗಾಡಿಗಳು ನಮ್ಮನ್ನು ಬಳಸಿಕೊಂಡು ಹೋಗಿ ಹತ್ತಿ, ಲಾಂಚು ಆಗಲೇ ದೂರ ಹೋಗಿತ್ತು.

ಮುಂದಿನ ಲಾಂಚಿಗೆ ಟೀಚರೇ ಕಾರು ಹತ್ತಿಸಿದರು, ಒಂದೇ ಸಲಕ್ಕೆ. ಶಾಲೆಗೆ ತಡವಾಗಿ ಸೇರಿದರು, ಆದರೆ ಸೇರಿದರು. ಮರುದಿನ ಒಬ್ಬರೇ ಹೋದಾಗ ಆ ಸಿಬ್ಬಂದಿ ಗುರುತು ಹಿಡಿದು, ಕಾರಿನ ಕಿಟಕಿಗೆ ಬಗ್ಗಿ ತುಂಬ ಮರ್ಯಾದೆಯಿಂದ ಕೇಳಿದರಂತೆ: "ಟೀಚರೇ, ಪ್ರಾರ್ಥನೆ ಮುಗೀತಾ, ಲಾಂಚ್ ಬಿಡ್ಬಹುದಾ?"

೪. ಭುಜ

ಸಾಗರದಲ್ಲಿ ಲೈಸೆನ್ಸ್ ಟೆಸ್ಟು. ನನ್ನ ಕಡೆಯಿಂದ ಐದು ಜನ. ಅವರಲ್ಲಿ ಒಬ್ಬ ಅಂಗನವಾಡಿ ಕಾರ್ಯಕರ್ತೆಗೆ ಅದು ಮೂರನೇ ಸಲ. ಎರಡು ಸಲವೂ ಕಾರು ಸರಿಯಾಗಿಯೇ ಓಡಿಸಿ, ಟೆಸ್ಟು ಮಾಡುವ ಆರ್‌ಟಿಒ ಸಾಹೇಬರು ಪ್ರಶ್ನೆ ಕೇಳಿದಾಗ ಬಾಯಿ ಕಟ್ಟಿಹೋಗಿ ಫೇಲಾಗಿದ್ದರು. ಈ ಸಲವೂ ಆಗದಿದ್ದರೆ ಮನೆಯಲ್ಲಿ ಇನ್ನು ಬಿಡುವುದಿಲ್ಲ ಎಂದು ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಎಲ್ಲರನ್ನೂ ಮರದಡಿ ನಿಲ್ಲಿಸಿ, ಪ್ರಶ್ನೆ ಕೇಳಿದ ತಕ್ಷಣ ಉತ್ತರಿಸಲು ಹೋಗಬೇಡಿ, ಭುಜವನ್ನು ಕಿವಿಯವರೆಗೆ ಎತ್ತಿ ಬಿಗಿಹಿಡಿದು, ಐದು ಎಣಿಸಿ, ಧೊಪ್ಪನೆ ಬಿಡಿ, ಆಮೇಲೆ ಬಾಯಿ ಬಿಡಿ ಎಂದು ಕಲಿಸಿದೆ.

ಸಾಹೇಬರು ಪುಸ್ತಕದಲ್ಲಿ ಒಂದು ಸಂಚಾರ ಚಿಹ್ನೆ ತೋರಿಸಿ ಇದೇನು ಎಂದು ಮೊದಲನೆಯವರನ್ನು ಕೇಳಿದರು. ಅವರು ಭುಜ ಮೇಲಕ್ಕೆತ್ತಿ ನಿಂತರು. ಗೊತ್ತಿಲ್ಲದಿದ್ದರೆ ಬಾಯಲ್ಲಿ ಹೇಳಿ ಎಂದರು ಸಾಹೇಬರು. ಭುಜ ಇಳಿಯಿತು, ಸರಿಯುತ್ತರ ಬಂತು. ಎರಡನೆಯವರದೂ ಹಾಗೆಯೇ, ಮೂರನೆಯವರದೂ ಹಾಗೆಯೇ. ನಾಲ್ಕನೆಯವರು ನಮ್ಮ ಅಂಗನವಾಡಿಯವರು. ಭುಜ ಎತ್ತಿದ್ದು ಎಷ್ಟು ಹೊತ್ತಾದರೂ ಇಳಿಯಲಿಲ್ಲ. ನಾನು ದೂರದಿಂದ ಒಂದು, ಎರಡು ಎಂದು ನನ್ನ ಬೆರಳು ಮಡಿಸುತ್ತಿದ್ದೆ. ಕೊನೆಗೂ ಇಳಿಯಿತು. ಕೇಳಿದ್ದು ಒಂದು ಪ್ರಶ್ನೆ, ಅವರು ಮೂರು ಚಿಹ್ನೆಗೆ ಒಂದೇ ಉಸಿರಿನಲ್ಲಿ ಉತ್ತರ ಹೇಳಿದರು. ಪಾಸಾದರು.

ಐದನೆಯವರ ಭುಜವೂ ಮೇಲೆ ಹೋದಾಗ ಸಾಹೇಬರು ಪುಸ್ತಕ ಮುಚ್ಚಿ ನನ್ನನ್ನು ಕರೆದರು. ಏನಮ್ಮ ಇದು, ನಿಮ್ಮ ಸ್ಕೂಲಿನವರೆಲ್ಲ ಯಾಕೆ ಹೀಗೆ ಮಾಡ್ತಾರೆ ಎಂದು ಗಡುಸಾಗಿ ಕೇಳಿದರು. ಏನು ಹೇಳುವುದೆಂದು ಯೋಚಿಸುವ ಮೊದಲೇ ನನ್ನ ಭುಜ ಎರಡೂ ಕಿವಿಗೆ ಹೋಗಿ ಮುಟ್ಟಿತ್ತು.

೫. ಬ್ರೇಕು

ಎಡಗಡೆ ಸೀಟಿನಲ್ಲಿ ಕೂತು ಕೂತು ನನಗೊಂದು ಕೆಟ್ಟ ಚಾಳಿ ಅಂಟಿಕೊಂಡಿದೆ. ಹೆದರಿಕೆ ಆದಲ್ಲೆಲ್ಲ ಬಲಗಾಲಿನಲ್ಲಿ ಬ್ರೇಕ್ ತುಳಿಯುತ್ತೇನೆ. ಬಸ್ಸಿನಲ್ಲೂ ತುಳಿಯುತ್ತೇನೆ, ಮದುವೆ ಮನೆಯಲ್ಲಿ ಯಾರಾದರೂ ಸಾಂಬಾರಿನ ಬಕೆಟ್ ಹಿಡಿದು ಜೋರಾಗಿ ಬಂದರೂ ತುಳಿಯುತ್ತೇನೆ.

ಹೋದ ವರ್ಷ ನಮ್ಮ ಮನೆಯವರಿಗೆ ಎದೆನೋವು ಬಂತು. ಶಿವಮೊಗ್ಗದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಒಂದು ರಕ್ತನಾಳ ಕಟ್ಟಿದೆ, ಸ್ಟೆಂಟ್ ಹಾಕಬೇಕು ಎಂದು ಹೇಳಿ ಒಳಗೆ ಕರೆದೊಯ್ದರು. ನಾನು ಹೊರಗೆ ಬೆಂಚಿನ ಮೇಲೆ ಕೂತೆ. ಆ ಬಾಗಿಲು ಮುಚ್ಚಿದ್ದು ನೆನಪಿದೆ, ಆಮೇಲಿನದು ಸರಿಯಾಗಿ ನೆನಪಿಲ್ಲ. ಇಷ್ಟು ವರ್ಷ ಎಲ್ಲರಿಗೂ ಉಸಿರು ಬಿಡಿ, ಭುಜ ಬಿಡಿ ಎಂದು ಹೇಳಿದವಳಿಗೆ ಅವತ್ತು ಒಂದೂ ನೆನಪಾಗಲಿಲ್ಲ. ತಲೆಯೊಳಗೆ ಏನೋ ಗುಂಯ್ ಅನ್ನುತ್ತಿತ್ತು.

ವಿಷಯ ತಿಳಿದು ನಮ್ಮ ಕೌನ್ಸೆಲರ್ ಮೇಡಂ ಹುಡುಕಿಕೊಂಡು ಬಂದರು. ಪಕ್ಕದಲ್ಲಿ ಕೂತರು. ಏನೂ ಆಗಲ್ಲ ಅನ್ನಲಿಲ್ಲ, ದೇವರಿದ್ದಾನೆ ಅನ್ನಲಿಲ್ಲ. ಸ್ವಲ್ಪ ಹೊತ್ತು ನನ್ನ ಕಾಲನ್ನೇ ನೋಡಿ, ಬೆನ್ನಿನ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದರು. "ಅಕ್ಕಾ, ಬ್ರೇಕಿಂದ ಕಾಲು ತೆಗೀರಿ."

ಬಗ್ಗಿ ನೋಡಿದೆ. ಎಷ್ಟು ಹೊತ್ತಿನಿಂದ ಒತ್ತಿ ಹಿಡಿದಿದ್ದೆನೋ, ಚಪ್ಪಲಿಯ ಪಟ್ಟಿ ಕಿತ್ತು ಬಂದಿತ್ತು. ಕಾಲು ತೆಗೆದೆ. ಚಪ್ಪಲಿ ಬಿಟ್ಟು ಬರಿಗಾಲನ್ನು ತಣ್ಣಗಿನ ನೆಲದ ಮೇಲೆ ಇಟ್ಟೆ. ಆಮೇಲೆ ಅಳು ಬಂತು, ಚೆನ್ನಾಗಿ ಅತ್ತೆ. ಅವರು ಬೆನ್ನಿನ ಮೇಲಿನ ಕೈ ತೆಗೆಯಲಿಲ್ಲ.

ಬಾಗಿಲು ತೆರೆದು ನರ್ಸು ಬಂದು, ನನ್ನ ಹೆಸರು ಕೂಗಿದರು. ಬರಿಗಾಲಿನಲ್ಲೇ ಎದ್ದು ಹೋದೆ. ನರ್ಸೇ ಹೇಳಿದರು. "ಎಲ್ಲ ಸರಿಯಾಯ್ತು, ಮಾತಾಡ್ತಿದಾರೆ. ಕಾರಿನ ಇನ್ಶೂರೆನ್ಸ್ ಇವತ್ತು ಮುಗಿಯುತ್ತಂತೆ, ಅಳ್ತಾ ಕೂರದೆ ಅದನ್ನ ಮೊದಲು ನೋಡೋಕೆ ಹೇಳಿ ಅಂದ್ರು."

೬. ನಾಲಿಗೆ

ಹೊಸನಗರದಿಂದ ಆಚೆ ಒಂದು ಹಳ್ಳಿಯ ಗಂಡಹೆಂಡತಿ. ಗಂಡನಿಗೆ ಐವತ್ತೈದು ದಾಟಿದೆ, ಹೆಂಡತಿಗೆ ಐವತ್ತು. ಗಂಡನ ಕಿಡ್ನಿ ಎರಡೂ ಕೈಕೊಟ್ಟು, ವಾರಕ್ಕೆ ಎರಡು ಸಲ ಡಯಾಲಿಸಿಸ್. ಅವರನ್ನು ಮೊದಲಿಂದ ನೋಡಿದ ಡಾಕ್ಟರು ಇರುವುದು ಕರಾವಳಿಯ ಆಸ್ಪತ್ರೆಯಲ್ಲಿ, ಹೋಗಬೇಕಾದರೆ ಹುಲಿಕಲ್ ಘಾಟಿ ಇಳಿಯಬೇಕು. ಮೊದಲೆಲ್ಲ ಅವರೇ ಕಾರು ಓಡಿಸುತ್ತಿದ್ದರು. ಈಗ ಕೈಯಲ್ಲಿ ಶಕ್ತಿಯಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ತಲೆ ತಿರುಗಿ ವಾಂತಿಯಾಗಿ, ಎರಡು ಸಲ ದಾರಿಯಲ್ಲೇ ಇಳಿದು ಮಲಗಬೇಕಾಯಿತಂತೆ. ಎರಡನೇ ಸಲದ ಮಾರನೇ ದಿನ ಈಕೆ ನನ್ನ ಹತ್ತಿರ ಬಂದು, ನಂಗೆ ಕಾರು ಕಲ್ಸಿ ಎಂದರು. ಅದಕ್ಕೆ ಮುಂಚೆ ಆಕೆ ಸೈಕಲ್ಲನ್ನೂ ಮುಟ್ಟಿದವರಲ್ಲ.

ಕಲಿತರು. ಅಂಥ ಶ್ರದ್ಧೆಯವರನ್ನು ನಾನು ಕಡಿಮೆ ನೋಡಿದ್ದೇನೆ. ಲೈಸೆನ್ಸೂ ಬಂತು. ಉಳಿದದ್ದು ಘಾಟಿ ಒಂದೇ. ಯುಗಾದಿ ಕಳೆದ ಮಾರನೇ ದಿನ ಆಸ್ಪತ್ರೆಗೆ ಹೋಗಬೇಕಿತ್ತು, ಅವತ್ತೇ ಇಳಿಯೋಣ ಎಂದು ನಿಶ್ಚಯ ಮಾಡಿದೆವು. ಅವರ ಕಾರು. ಅದರಲ್ಲಿ ನನ್ನ ಕಡೆಗೆ ಬ್ರೇಕ್ ಇಲ್ಲ. ಹಿಂದಿನ ಸೀಟಿನಲ್ಲಿ ಗಂಡ.

ಹುಲಿಕಲ್ಲಿನಲ್ಲಿ ದೇವಸ್ಥಾನದ ಮುಂದೆ ಎಲ್ಲ ಗಾಡಿಗಳ ಹಾಗೆ ನಿಲ್ಲಿಸಿ ಕೈಮುಗಿದು ಹೊರಟೆವು. ಮೊದಲನೇ ತಿರುವಿನಿಂದಲೇ ಹಿಂದಿನಿಂದ ಮಾತು ಶುರುವಾಯಿತು. ಎರಡನೇ ಗೇರು ಎಂದರು. ಹಾರ್ನು ಎಂದರು. ಅಂಚಿಗೆ ಹೋಗಡ, ಅಂದರೆ ಹೋಗಬೇಡ, ಎಂದರು. ಇಪ್ಪತ್ತೈದು ವರ್ಷ ಆ ಘಾಟಿ ಇಳಿದವರು, ಹೇಳಿದ್ದೆಲ್ಲ ಸರಿಯೇ. ಆದರೆ ಈಕೆಯ ಕೈ ಕೆಲಸ ಮಾಡುವ ಅರೆಗಳಿಗೆ ಮುಂಚೆ ಅವರ ಬಾಯಿ ಹೇಳಿ ಮುಗಿಸುತ್ತಿತ್ತು, ಆಕೆ ಪ್ರತಿ ಸಲ ಬೆಚ್ಚಿ ಬೀಳುತ್ತಿದ್ದರು.

ಐದನೆಯದೋ ಆರನೆಯದೋ ತಿರುವು. ಕೆಳಗಿನಿಂದ ಒಂದು ಟ್ಯಾಂಕರ್ ರಸ್ತೆ ತುಂಬಿಕೊಂಡು ಹತ್ತಿ ಬಂತು. ಅವರು ಎಡಕ್ಕೆ ಎಂದರು, ನಾನು ನಿಲ್ಲಿಸಿ ಎಂದೆ, ಎರಡೂ ಒಟ್ಟಿಗೆ. ಕಾರು ಎಗರಿ ಆಫ್ ಆಗಿ, ಮೂತಿ ಎಡಕ್ಕೆ ಮಾಡಿಕೊಂಡು ನಿಂತಿತು. ನನ್ನ ಕಿಟಕಿಯ ಕೆಳಗೆ ತಗ್ಗು ತಡೆಗಲ್ಲು, ಅದರಾಚೆ ಮರಗಳ ತುದಿ. ನಾನು ಹ್ಯಾಂಡ್‌ಬ್ರೇಕನ್ನು ಎರಡೂ ಕೈಯಿಂದ ಎಳೆದೆ. ಟ್ಯಾಂಕರ್ ನಮ್ಮ ಕನ್ನಡಿ ಸವರಿಕೊಂಡ ಹಾಗೆ ದಾಟಿತು. ಹಿಂದೆ ಬಸ್ಸೊಂದು ಬಂದು ನಿಂತಿತು.

ಆಕೆಯ ಬೆರಳು ಸ್ಟೀರಿಂಗ್ ಬಿಡುತ್ತಿರಲಿಲ್ಲ, ಗೆಣ್ಣೆಲ್ಲ ಬೆಳ್ಳಗಾಗಿತ್ತು. ಉಸಿರು ಗಂಟಲಲ್ಲೇ ಓಡಾಡುತ್ತಿತ್ತು. ಸ್ಟೀರಿಂಗನ್ನು ಇನ್ನೂ ಜೋರಾಗಿ ಹಿಂಡಿ ಎಂದೆ. ಹಿಂಡಿದರು. ಈಗ ಬಿಡಿ. ಬಿಟ್ಟರು. ಇನ್ನೊಮ್ಮೆ. ದೂರದ ಗುಡ್ಡ ನೋಡುತ್ತಾ, ಬಿಸಿ ಕಾಫಿ ಆರಿಸುವ ಹಾಗೆ ಉಸಿರು ಹೊರಗೆ ಊದಿ ಎಂದೆ. ಊದಿದರು. ನಾಲ್ಕೈದು ಸಲ ಆದ ಮೇಲೆ ಬೆರಳಿಗೆ ಮತ್ತೆ ಬಣ್ಣ ಬಂತು. ಬಸ್ಸಿನವನು ಯಾಕೋ ಹಾರ್ನ್ ಹಾಕಲಿಲ್ಲ, ಪುಣ್ಯಾತ್ಮ. ಆಕೆ ರಸ್ತೆ ನೋಡುತ್ತಲೇ, ತಮ್ಮ ಮನೆ ಮಾತಿನಲ್ಲಿ, ಬಹಳ ಸಣ್ಣ ದನಿಯಲ್ಲಿ ಹೇಳಿದರು. "ಇವು ಸುಮ್ನಿದ್ರೆ ಎಂಗೆ ಬತ್ತು." ಗಂಡ ಸುಮ್ಮನಿದ್ದರೆ ತಮಗೆ ಓಡಿಸಲು ಬರುತ್ತದೆ ಎಂದರ್ಥ.

ನಾನು ಹಿಂದೆ ತಿರುಗಿದೆ. ಸುಮ್ಮನಿರಿ ಎಂದು ಗದರಬೇಕೆಂದೇ ತಿರುಗಿದ್ದು. ನೋಡಿದರೆ ಅವರ ಹಣೆಯಲ್ಲಿ ಬೆವರು ಹನಿಯಾಗಿ ನಿಂತಿತ್ತು, ಎರಡೂ ಕೈ ಮುಂದಿನ ಸೀಟನ್ನು ಅಪ್ಪಿ ಹಿಡಿದಿದ್ದವು. ಆಕೆಗಿಂತ ಹೆಚ್ಚು ಹೆದರಿದ್ದವರು ಅವರು. ಕಾರು ತನ್ನ ಕೈಯಲ್ಲಿಲ್ಲ, ಮೈ ತನ್ನ ಕೈಯಲ್ಲಿಲ್ಲ, ಉಳಿದದ್ದು ಬಾಯಿ ಒಂದೇ. ಗದರಲು ಮನಸ್ಸು ಬರಲಿಲ್ಲ.

ಆಗ ನನಗೆ ಕೌನ್ಸೆಲರ್ ಯಾವಾಗಲೋ ಹೇಳಿದ್ದೊಂದು ನೆನಪಾಯಿತು. ದವಡೆ ಬಿಗಿಯಾದರೆ ಮೈಯೆಲ್ಲ ಬಿಗಿಯುತ್ತದೆ, ಅದಕ್ಕೆ ನಾಲಿಗೆಯ ತುದಿಯನ್ನು ಮೇಲಿನ ಹಲ್ಲಿನ ಹಿಂದೆ ಅಂಗುಳಕ್ಕೆ ಒತ್ತಿ, ತುಟಿ ಮುಚ್ಚಿ, ಮೂಗಿನಲ್ಲಿ ಉಸಿರಾಡಬೇಕು. ಅವರಿಗೆ ಹಾಗೇ ಹೇಳಿಕೊಟ್ಟೆ. ನಿಮ್ಮ ಎದೆ ಬಡಿತ ಇಳಿಯುತ್ತದೆ ಸಾರ್, ನಾನು ಹೇಳುವವರೆಗೆ ನಾಲಿಗೆ ತೆಗೆಯಬಾರದು ಎಂದೆ. ಒಳ್ಳೆಯ ಮನುಷ್ಯರು, ತಕ್ಷಣ ಮಾಡಿದರು.

ಆಕೆ ಕಾರು ಸ್ಟಾರ್ಟ್ ಮಾಡಿದರು. ಒಂದು ತಿರುವು ಇಳಿಯಿತು, ಇನ್ನೊಂದು ಇಳಿಯಿತು. ಹಿಂದಿನಿಂದ ಮೂಗಿನ ಉಸಿರು ಬಿಟ್ಟರೆ ಬೇರೆ ಸದ್ದಿಲ್ಲ. ಒಂದು ಕಡೆ ಗೇರು ತಪ್ಪಿತು. ಹಿಂದೆ "ಉಂ" ಎಂದು ಒಂದು ಕೇಳಿತು, ಅಷ್ಟೇ. ಆಕೆ ತಾವೇ ಸರಿ ಮಾಡಿಕೊಂಡರು. ಕನ್ನಡಿಯಲ್ಲಿ ನೋಡಿದೆ. ಸೀಟು ಅಪ್ಪಿದ್ದ ಕೈ ಸಡಿಲವಾಗಿ ಮಡಿಲಲ್ಲಿತ್ತು, ಮುಖದಲ್ಲಿ ಬೆವರಿಲ್ಲ. ಘಾಟಿ ಮುಗಿದು ರಸ್ತೆ ನೆಟ್ಟಗಾಯಿತು. ಆಕೆ ಪಕ್ಕಕ್ಕೆ ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಸ್ಟೀರಿಂಗಿಗೆ ಹಣೆ ಹಚ್ಚಿ ಸ್ವಲ್ಪ ಹೊತ್ತು ಹಾಗೇ ಇದ್ದರು. ಅವರು ಹಿಂದಿನಿಂದ ಕೈ ಚಾಚಿ ಹೆಂಡತಿಯ ಭುಜದ ಮೇಲೆ ಇಟ್ಟರು. ಮಾತಾಡಲಿಲ್ಲ. ಮಾತಾಡಬಹುದು ಎಂದು ಹೇಳಲು ನಾನೂ ಮರೆತಿದ್ದೆ.

ಅವತ್ತಿನಿಂದ ಆಕೆಯೇ ವಾರಕ್ಕೆರಡು ಸಲ ಇಳಿದು ಹತ್ತುತ್ತಾರೆ. ದೀಪಾವಳಿಗೆ ಮುಂಚೆ ಹೊಸನಗರದ ಪೆಟ್ರೋಲ್ ಬಂಕಿನಲ್ಲಿ ಇಬ್ಬರೂ ಸಿಕ್ಕಿದರು. ಭಯ ಹೋಯಿತಾ ಎಂದು ಕೇಳಿದೆ. ಭಯ ಇದೆ, ಆದರೂ ಹೋಗ್ತೀನಿ ಎಂದರು ಆಕೆ. ಅವರು ಪಕ್ಕದ ಸೀಟಿಗೆ ಬಡ್ತಿ ಪಡೆದಿದ್ದರು, ನೋಡಲು ಗೆಲುವಾಗಿದ್ದರು. ಹ್ಯಾಗಿದೀರಿ ಸಾರ್ ಎಂದೆ. ತುಟಿ ಮುಚ್ಚಿಕೊಂಡೇ ನಕ್ಕು ತಲೆಯಾಡಿಸಿದರು. ಮೇಡಂ, ನೀವು ಹೇಳಿಕೊಟ್ಟದ್ದು ಎಷ್ಟು ಒಳ್ಳೆಯದು ಗೊತ್ತಾ, ಇವರಿಗೆ ಈಗ ಬಿಪಿ ಎಷ್ಟೋ ಇಳಿದಿದೆ, ಅದಕ್ಕೆ ಮನೆಯಲ್ಲೂ ಮಾಡಿಸುತ್ತಿದ್ದೇನೆ ಎಂದು ಆಕೆ ಹೇಳಿ, ಗೇರು ಹಾಕಿ ಹೊರಟರು.

ಖುಷಿಯಾಗಿ ಸೀದಾ ಆಸ್ಪತ್ರೆಗೆ ಹೋಗಿ ಕೌನ್ಸೆಲರ್‌ಗೆ ಎಲ್ಲ ಹೇಳಿದೆ. ನಿಮ್ಮ ನಾಲಿಗೆಯ ವಿದ್ಯೆ ಒಂದು ಸಂಸಾರವನ್ನೇ ದಡ ಸೇರಿಸಿತು ಎಂದೆ. ಅವರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು.

"ಅಕ್ಕಾ, ಅದು ಎರಡು ನಿಮಿಷ ಮಾಡಿ ಬಿಡೋದು. ಅವ್ರು ಎಷ್ಟು ಹೊತ್ತು ಮಾಡಿದ್ರು?"

"ಯುಗಾದಿಯಿಂದ ಮಾಡ್ತಿದಾರೆ," ಎಂದೆ.